ಮನೆಯ ಸರ್ವರ್‌ನಲ್ಲಿ ಕುಟುಂಬದ ಫೋಟೋಗಳು: ತಾರೀಖುಗಳೆಲ್ಲ ಒಂದೇ ದಿನಕ್ಕೆ ಬಂದು ಕುಳಿತಿವೆ

ಕೌಲ್‌ಬಜಾರ್_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡ ಮೇಲೆ, ಮನೆಯಲ್ಲಿ ಚದುರಿಹೋಗಿದ್ದ ಫೋಟೋಗಳನ್ನೆಲ್ಲ ಒಂದು ಕಡೆ ಕೂಡಿಸಿ, ಅವ್ವ ಯಾರನ್ನೂ ಕೇಳದೆ ಸಂಜೆ ಹೊತ್ತು ಟಿವಿಯಲ್ಲಿ ತಾನೇ ನೋಡುವಂತಾಗಲಿ ಎಂದು ಈ ಕೆಲಸಕ್ಕೆ ಕೈಹಾಕಿದೆ. ಎರಡು ತಿಂಗಳಾಯಿತು, ಈಗ ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ನಿಂತಿದ್ದೇನೆ.

ನನ್ನ ಬಳಿ 8 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪ್ ಮತ್ತು 2 ಟಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇವೆ. ಲ್ಯಾಪ್‌ಟಾಪಿಗೆ ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿ, ಅದರಲ್ಲಿ ಸಿನಿಮಾ, ಫೋಟೋಗಳನ್ನು ಟಿವಿಗೆ ತೋರಿಸುವ ಜೆಲ್ಲಿಫಿನ್ ತಂತ್ರಾಂಶ ಸ್ಥಾಪಿಸಿದ್ದೇನೆ. ಟಿವಿಯಲ್ಲಿಯೂ ಅದರ ಆ್ಯಪ್ ಇದೆ. ಡಿಸ್ಕಿನಲ್ಲಿ ಸುಮಾರು 38,000 ಫೋಟೋಗಳಿವೆ. 2007ರಲ್ಲಿ ಕೊಂಡ ಡಿಜಿಟಲ್ ಕ್ಯಾಮೆರಾದವು, ಮನೆಮಂದಿಯ ನಾಲ್ಕೈದು ಮೊಬೈಲುಗಳಿಂದ ಇಳಿಸಿದವು, ವಾಟ್ಸ್ಆ್ಯಪ್‌ನಲ್ಲಿ ಬಂದವು, ಮತ್ತು ಅಂಗಡಿಯೊಂದರಲ್ಲಿ ಸ್ಕ್ಯಾನ್ ಮಾಡಿಸಿದ ಹಳೆಯ ಆಲ್ಬಮ್ಮಿನವು, ಎಲ್ಲವೂ ಒಟ್ಟಿಗೆ ಸೇರಿಕೊಂಡಿವೆ. ಆ ಅಂಗಡಿಯವರು ಆಲ್ಬಮ್ಮಿನ ಒಂದೊಂದು ಪುಟವನ್ನು ಇಡಿಯಾಗಿ ಒಂದೇ ಚಿತ್ರವಾಗಿ ಮಾಡಿಕೊಟ್ಟಿದ್ದಾರೆ. ನಾಲ್ಕು ಫೋಟೋಗಳು, ನಡುವೆ ಹಳದಿ ರಟ್ಟು.

ತೊಂದರೆ ಇದು. ಅಪ್ಪ ಅವ್ವನ ಮದುವೆ ಆದದ್ದು 1974ರಲ್ಲಿ, ಆದರೆ ಆ ಫೋಟೋಗಳು 2023ರಲ್ಲಿ ಕಾಣಿಸುತ್ತಿವೆ. ವಾಟ್ಸ್ಆ್ಯಪ್‌ನ ಒಂಬತ್ತು ಸಾವಿರ ಚಿತ್ರಗಳೂ ನಾನು ಅವುಗಳನ್ನು ಕಾಪಿ ಮಾಡಿದ ಮಾರ್ಚ್ ತಿಂಗಳ ಒಂದು ಭಾನುವಾರಕ್ಕೇ ಸೇರಿಕೊಂಡಿವೆ. ಹಳೆಯ ಕ್ಯಾಮೆರಾದ ಬ್ಯಾಟರಿ ತೆಗೆದಾಗಲೆಲ್ಲ ಅದರ ಗಡಿಯಾರ ಮೊದಲಿಗೆ ಹೋಗುತ್ತಿತ್ತು, ಹೀಗಾಗಿ ಮಂತ್ರಾಲಯಕ್ಕೆ ಹೋದದ್ದು, ತಂಗಿಯ ಸೀಮಂತ, ಮನೆಯ ಗೃಹಪ್ರವೇಶ ಎಲ್ಲವೂ 2007ರ ಜನವರಿ 1ರಂದೇ ನಡೆದಂತೆ ತೋರುತ್ತದೆ. ಆ ಒಂಬತ್ತು ಸಾವಿರದ ಫೋಲ್ಡರ್ ತೆರೆದರೆ ಟಿವಿ ಉಸಿರುಗಟ್ಟಿದಂತೆ ನಿಂತುಬಿಡುತ್ತದೆ. ಅವ್ವನಿಗೆ ರಿಮೋಟಿನ ನಾಲ್ಕು ಬಾಣ ಮತ್ತು ಓಕೆ ಗುಂಡಿ ಬಿಟ್ಟರೆ ಬೇರೇನೂ ಬೇಡ, ಓದುವುದೂ ಸ್ವಲ್ಪ ಕಷ್ಟ. ಮಸ್ಕತ್‌ನಲ್ಲಿರುವ ತಮ್ಮನಿಗೂ ಇವು ಕಾಣಬೇಕು. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ಮುಗಿದ ಮೇಲೆ ನಮ್ಮ 15 ಜಿಬಿ ತುಂಬಿ ಎಷ್ಟೋ ಕಾಲವಾಯಿತು. ತಿಂಗಳು ತಿಂಗಳು ಹಣ ಕಟ್ಟುವ ಮನಸ್ಸಿಲ್ಲ. ಜೆಲ್ಲಿಫಿನ್ ಬಿಟ್ಟು ಬೇರೆ ತಂತ್ರಾಂಶಕ್ಕೆ ಹೋಗಬೇಕೆ?

ದೋಆಬ್_ರಾಯಚೂರು

ತಂತ್ರಾಂಶ ಬದಲಿಸುವ ಮಾತು ಆಮೇಲೆ ಇರಲಿ. ತಾರೀಖು ಕೆಟ್ಟಿರುವುದು ಫೋಟೋಗಳಲ್ಲಿ; ಅವನ್ನು ಹಾಗೆಯೇ ಬಿಟ್ಟು ಜೆಲ್ಲಿಫಿನ್ ಬದಲಿಗೆ ಅಂಥದೇ ಬೇರೆ ತಂತ್ರಾಂಶಗಳಾದ ಇಮಿಚ್ ಹಾಕಿದರೂ ಪ್ಲೆಕ್ಸ್ ಹಾಕಿದರೂ ನಿಮ್ಮ ತಾಯಿಯವರ ಮದುವೆ 2023ರಲ್ಲೇ ನಡೆಯುತ್ತದೆ. ನಾನು ಮೂರು ವರ್ಷದಲ್ಲಿ ಮೂರು ತಂತ್ರಾಂಶ ಬದಲಿಸಿದ ಮೇಲೆ ಇದು ತಲೆಗೆ ಹೋಯಿತು.

ಒಂದು ಫೋಟೋಕ್ಕೆ ಎರಡು ತಾರೀಖುಗಳಿರುತ್ತವೆ. ಕಾಗದದೊಳಗೆ ಬರೆದ ತಾರೀಖು ಒಂದು, ಲಕೋಟೆಯ ಮೇಲಿನ ಅಂಚೆ ಮುದ್ರೆ ಇನ್ನೊಂದು ಎಂದುಕೊಳ್ಳಿ. ಕ್ಯಾಮೆರಾ ತಾನು ಚಿತ್ರ ತೆಗೆದ ಕ್ಷಣವನ್ನು ಫೈಲಿನ ಒಳಗೇ ಬರೆದಿಡುತ್ತದೆ. ಇದಕ್ಕೆ ಎಕ್ಸಿಫ್ ಎನ್ನುತ್ತಾರೆ. ಹೊರಗಿನ ಫೈಲ್ ತಾರೀಖು ಮಾತ್ರ ಕಾಪಿ ಮಾಡಿದಾಗ, ತಿದ್ದಿದಾಗ ಬದಲಾಗಿಬಿಡುತ್ತದೆ. ತಂತ್ರಾಂಶಗಳು ಮೊದಲು ಒಳಗಿನದನ್ನು ಹುಡುಕುತ್ತವೆ, ಅದು ಸಿಗದಿದ್ದರೆ ಹೊರಗಿನದನ್ನು ನಂಬುತ್ತವೆ. ವಾಟ್ಸ್ಆ್ಯಪ್ ಫೋಟೋವನ್ನು ಕುಗ್ಗಿಸಿ ಕಳಿಸುವಾಗ ಒಳಗಿನ ಬರಹವನ್ನು ಅಳಿಸಿಬಿಡುವುದರಿಂದ ಅದರ ಒಂಬತ್ತು ಸಾವಿರವೂ ನಿಮ್ಮ ಭಾನುವಾರಕ್ಕೆ ಬಿದ್ದಿವೆ. ಆದರೆ ಎದೆಗುಂದಬೇಡಿ. ಆಂಡ್ರಾಯ್ಡ್ ಫೋನಿನಲ್ಲಿ ಉಳಿದ ವಾಟ್ಸ್ಆ್ಯಪ್ ಚಿತ್ರದ ಹೆಸರನ್ನು ನೋಡಿ: ಮೂರು ಅಕ್ಷರದ ನಂತರ ಎಂಟು ಅಂಕಿಗಳಿರುತ್ತವೆ, 20190412 ಎಂಬಂತೆ, ಅಂದರೆ 2019ರ ಏಪ್ರಿಲ್ 12. ಅದು ಫೋಟೋ ತೆಗೆದ ದಿನವಲ್ಲ, ನಿಮಗೆ ಬಂದ ದಿನ. ಆದರೂ ಒಂದೆರಡು ದಿನದ ಹೆಚ್ಚುಕಡಿಮೆಯಲ್ಲಿ ಸರಿಹೋಗುತ್ತದೆ.

ಇವನ್ನು ಕೈಯಲ್ಲಿ ಒಂದೊಂದಾಗಿ ತಿದ್ದಲು ಹೋಗಬೇಡಿ. ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶವನ್ನು ಉಬುಂಟುವಿನಲ್ಲೇ ಹಾಕಿಕೊಳ್ಳಿ. ಸಾವಿರ ಚಿತ್ರಗಳನ್ನು ಒಟ್ಟಿಗೆ ಆರಿಸಿ, ಸಮಯ ಹೊಂದಿಸುವ ಕಿಟಕಿಯಲ್ಲಿ ಫೈಲ್ ಹೆಸರಿನಿಂದ ತಾರೀಖು ತೆಗೆದುಕೊ ಎಂದರೆ, ಅದು ಹೆಸರಿನ ಅಂಕಿಗಳನ್ನು ಓದಿ ಎಕ್ಸಿಫ್‌ನಲ್ಲಿ ಬರೆದುಬಿಡುತ್ತದೆ. ಕಮಾಂಡ್ ಬರೆಯುವ ಅಭ್ಯಾಸವಿದ್ದರೆ ಎಕ್ಸಿಫ್‌ಟೂಲ್ ಇನ್ನೂ ವೇಗ. ಹಳೆಯ ಕ್ಯಾಮೆರಾದ ವಿಷಯ ಬೇರೆ: ಅಲ್ಲಿ ಗಡಿಯಾರ ತಪ್ಪಿದ್ದರೂ ಓಡುತ್ತಲೇ ಇರುತ್ತದೆ, ಆದ್ದರಿಂದ ಒಂದು ಕಾರ್ಯಕ್ರಮದೊಳಗಿನ ಅಂತರಗಳು ಸರಿಯಾಗಿಯೇ ಇರುತ್ತವೆ. ಮಂತ್ರಾಲಯದ ಒಂದೇ ಒಂದು ಫೋಟೋದ ನಿಜವಾದ ದಿನ, ವೇಳೆ ಗೊತ್ತಾದರೆ ಸಾಕು. ಎಷ್ಟು ದಿನ ಎಷ್ಟು ಗಂಟೆ ಹಿಂದಿದೆ ಎಂದು ಲೆಕ್ಕ ಹಾಕಿ, ಆ ಗುಂಪನ್ನು ಇಡಿಯಾಗಿ ಅಷ್ಟೇ ಮುಂದಕ್ಕೆ ಸರಿಸಿ. ಗೃಹಪ್ರವೇಶಕ್ಕೆ ಆಮಂತ್ರಣ ಪತ್ರಿಕೆಯಲ್ಲಿನ ಮುಹೂರ್ತವೇ ಇದೆಯಲ್ಲ, ಹೋಮದ ಮುಂದೆ ಕುಳಿತ ಫೋಟೋ ಹಿಡಿದು ಗಡಿಯಾರ ಕೂಡಿಸಬಹುದು.

ಆಮೇಲೆ ಫೋಲ್ಡರುಗಳು. ಜೆಲ್ಲಿಫಿನ್ ಫೋಟೋಗಳ ಮಟ್ಟಿಗೆ ಫೋಲ್ಡರನ್ನೇ ಆಲ್ಬಮ್ ಎಂದು ತಿಳಿಯುತ್ತದೆ ಮತ್ತು ಹೆಸರಿನ ಕ್ರಮದಲ್ಲಿ ಜೋಡಿಸುತ್ತದೆ. ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಕಾರ್ಯಕ್ರಮಕ್ಕೊಂದು. ಪ್ರತಿ ಹೆಸರೂ ವರ್ಷ, ತಿಂಗಳು, ದಿನ ಎಂಬ ಕ್ರಮದ ಅಂಕಿಗಳಿಂದ ಆರಂಭವಾಗಲಿ, ಆಮೇಲೆ ಕನ್ನಡದಲ್ಲಿ ಹೆಸರು. ದಿನವನ್ನು ಮೊದಲು ಬರೆದರೆ ಎಲ್ಲ ವರ್ಷಗಳ ಒಂದನೇ ತಾರೀಖು ಒಟ್ಟಿಗೆ ಬಂದು ನಿಲ್ಲುತ್ತವೆ. ಒಂದು ಫೋಲ್ಡರಿನಲ್ಲಿ ಮುನ್ನೂರು ನಾನೂರಕ್ಕಿಂತ ಹೆಚ್ಚು ಬೇಡ, ಟಿವಿ ನಿಲ್ಲುವುದು ಅಲ್ಲಿಗೆ ನಿಲ್ಲುತ್ತದೆ. ಲ್ಯಾಪ್‌ಟಾಪಿನಿಂದ ರೂಟರಿಗೆ ವೈಫೈ ಬದಲು ಕೇಬಲ್ ಎಳೆಯಿರಿ.

ನಿಮ್ಮ ತಾಯಿಯವರಿಗಾಗಿ ಒಂದು ಮಾತು. ಫೋಲ್ಡರಿನೊಳಗೆ ಒಂದು ಒಳ್ಳೆಯ ಚಿತ್ರದ ಪ್ರತಿ ಮಾಡಿ, ಅದಕ್ಕೆ ಇಂಗ್ಲಿಷಿನಲ್ಲಿ ಫೋಲ್ಡರ್ ಎಂದೇ ಹೆಸರಿಟ್ಟರೆ, ಜೆಲ್ಲಿಫಿನ್ ಅದನ್ನು ಮುಖಚಿತ್ರವಾಗಿ ತೋರಿಸುತ್ತದೆ. ನಮ್ಮ ಅಮ್ಮ ಹೆಸರು ಓದುವುದೇ ಇಲ್ಲ. ತೊಟ್ಟಿಲು ಕಂಡರೆ ನಾಮಕರಣ, ಬಾಸಿಂಗ ಕಂಡರೆ ಮದುವೆ ಎಂದು ಬಾಣದ ಗುಂಡಿ ಒತ್ತುತ್ತಾ ಹೋಗುತ್ತಾರೆ.

ಈ ಎಲ್ಲಕ್ಕೂ ಮೊದಲು 38,000 ಫೋಟೋಗಳ ಪೂರ್ತಿ ಪ್ರತಿಯನ್ನು ಇನ್ನೊಂದು ಡಿಸ್ಕಿಗೆ ಹಾಕಿ, ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ತಿದ್ದುವುದು ಕೈಯಲ್ಲಿರುವ ಡಿಸ್ಕಿನಲ್ಲಿ, ಬೀಗ ಹಾಕಿದ್ದರಲ್ಲಿ ಅಲ್ಲ.

ಕೊಪ್ಪಳದ_ಮಾಸ್ತರ

ರಾಯಚೂರಿನವರು ಹೇಳಿದ್ದು ಸರಿಯಾಗಿದೆ. ನಾನು ಹಳೆಯ ಮುದ್ರಿತ ಫೋಟೋಗಳ ಬಗ್ಗೆ ಮಾತ್ರ ಸೇರಿಸುತ್ತೇನೆ, ಏಕೆಂದರೆ ನಿವೃತ್ತಿಯ ನಂತರ ನನಗೆ ಇದೇ ಉದ್ಯೋಗವಾಗಿದೆ.

ಆ ಅಂಗಡಿಯ ಸ್ಕ್ಯಾನನ್ನು ಮರೆತು ಮತ್ತೊಮ್ಮೆ ಮಾಡಿಸಿ, ಸಾಧ್ಯವಾದರೆ ನೀವೇ ಮಾಡಿ. ನಾಲ್ಕು ಇಂಚು ಆರು ಇಂಚಿನ ಫೋಟೋವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿದರೆ 2400 ಗುಣಿಸು 3600 ಪಿಕ್ಸೆಲ್ ಬರುತ್ತದೆ, ಟಿವಿಗೆ ಬೇಕಾದಷ್ಟಾಯಿತು. ಆಧಾರ್ ಕಾರ್ಡಿನಷ್ಟು ಚಿಕ್ಕದಿದ್ದರೆ 1200 ಇಡಿ. ಅಂಟು ಪುಟದ ಆಲ್ಬಮ್ಮಿನಿಂದ ಬಿಡಿಸುವಾಗ ಮೂಲೆ ಹಿಡಿದು ಎಳೆಯಬಾರದು. ಗಟ್ಟಿಯಾದ ತೆಳು ದಾರವನ್ನು ಫೋಟೋದ ಕೆಳಗೆ ತೂರಿಸಿ, ಎರಡೂ ತುದಿ ಹಿಡಿದು ಗರಗಸದಂತೆ ನಿಧಾನವಾಗಿ ಆಚೆ ಈಚೆ ಆಡಿಸುತ್ತಾ ಹೋಗಬೇಕು. ಕಟ್ಟು ಹಾಕಿಸಿದ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಬಿಡಿಸುವ ಗೋಜಿಗೆ ಹೋಗದೆ ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ. ನಮ್ಮ ಸೋದರಮಾವನ ಫೋಟೋಕ್ಕೆ ನಾನು ಅವಸರ ಮಾಡಿದೆ. ಅರ್ಧ ಮುಖ ಗಾಜಿನಲ್ಲೇ ಉಳಿಯಿತು.

ಮುಂಭಾಗದಂತೆಯೇ ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ನಮ್ಮ ಮನೆಯ ಒಂದು ಕಪ್ಪುಬಿಳುಪು ಫೋಟೋದಲ್ಲಿ ಅಜ್ಜ ತಲೆಗೆ ರುಮಾಲು ಸುತ್ತಿ, ಬುಟ್ಟಿ ಹೊತ್ತ ಇಬ್ಬರ ಪಕ್ಕದಲ್ಲಿ ನಿಂತಿದ್ದಾನೆ. ಹಿಂದೆ ಕಲ್ಲಿನ ಗೋಡೆ, ಅದರ ಮೇಲೆ ಕಂಬಗಳು, ಕಂಬಗಳ ನಡುವೆ ಬರೀ ಆಕಾಶ. ಹಿಂಭಾಗದಲ್ಲಿ ನೇರಳೆ ಬಣ್ಣದ ಸ್ಟುಡಿಯೋ ಮೊಹರು ಅಳಿಸಿಹೋಗಿ, ಪೆನ್ಸಿಲಿನಲ್ಲಿ ಬರೆದ ‘ಮುನಿರಾಬಾದ’ ಎಂಬ ಒಂದೇ ಪದ ಉಳಿದಿತ್ತು. ಅದು ತುಂಗಭದ್ರಾ ಅಣೆಕಟ್ಟೆಯ ಪಕ್ಕದ ಊರು; ಅಣೆಕಟ್ಟೆಯ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತು. 33 ಗೇಟುಗಳಲ್ಲಿ ಒಂದನ್ನೂ ಇನ್ನೂ ಕೂಡಿಸದ ಕಂಬಗಳು ಕಾಣುತ್ತಿರುವುದರಿಂದ ಫೋಟೋ 1953ಕ್ಕಿಂತ ಹಿಂದಿನದು, ಗೋಡೆ ಅಷ್ಟು ಎತ್ತರ ಬಂದಿರುವುದರಿಂದ ತೀರ ಆರಂಭದ್ದೂ ಅಲ್ಲ. ನಾನು 1952 ಎಂದು ಹಾಕಿ, ವಿವರಣೆಯ ಜಾಗದಲ್ಲಿ ‘ಅಂದಾಜು’ ಎಂದು ಕಾರಣ ಸಹಿತ ಬರೆದಿದ್ದೇನೆ. ನಿಮ್ಮ ಬಳ್ಳಾರಿಯ ಫೋಟೋಗಳಿಗೂ ಇಂಥ ಗುರುತು ಸಿಗುತ್ತದೆ: ಸ್ಟುಡಿಯೋ ವಿಳಾಸದಲ್ಲಿ ಮದ್ರಾಸ್ ಎಂದಿದ್ದರೆ, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ 1953ರ ಅಕ್ಟೋಬರ್ 1ಕ್ಕಿಂತ ಹಿಂದಿನದಿರಬೇಕು. ಆದರೆ ಜಿಪುಣ ಸ್ಟುಡಿಯೋದವನು ಹಳೆಯ ಮೊಹರನ್ನೇ ಇನ್ನೂ ನಾಲ್ಕು ವರ್ಷ ಒತ್ತಿರಬಹುದು, ಅದೊಂದನ್ನೇ ನೆಚ್ಚಬೇಡಿ.

ತಾರೀಖನ್ನು ಎಕ್ಸಿಫ್‌ನಲ್ಲೇ ಬರೆಯಬೇಕು. ಎಕ್ಸ್‌ಟರ್ನಲ್ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿರುವ ಎಕ್ಸ್‌ಫ್ಯಾಟ್ ವ್ಯವಸ್ಥೆಯಲ್ಲಿ ಫೈಲ್ ತಾರೀಖು 1980ರಿಂದ ಮಾತ್ರ ಆರಂಭವಾಗುತ್ತದೆ, ನಿಮ್ಮ 1974 ಅದರಲ್ಲಿ ಹಿಡಿಸುವುದೇ ಇಲ್ಲ. ದಿನ ಗೊತ್ತಿಲ್ಲದಿದ್ದರೆ ಜನವರಿ 1 ಎಂದು ಹಾಕಿ, ವೇಳೆಯನ್ನು ಮಾತ್ರ ಮಧ್ಯಾಹ್ನ ಹನ್ನೆರಡಕ್ಕೆ ಇಡಿ. ಮಧ್ಯರಾತ್ರಿಗೆ ಇಟ್ಟರೆ, ಜಾಗತಿಕ ಸಮಯಕ್ಕಿಂತ ನಾವು ಐದೂವರೆ ಗಂಟೆ ಮುಂದಿರುವ ಲೆಕ್ಕದಲ್ಲಿ ಯಾವುದಾದರೂ ತಂತ್ರಾಂಶ ಎಡವಿ, ಚಿತ್ರ ಹಿಂದಿನ ವರ್ಷಕ್ಕೆ ಜಾರುತ್ತದೆ.

ಊರ ಹೆಸರನ್ನು ಮೊದಲೇ ಒಂದು ರೀತಿಗೆ ಗೊತ್ತು ಮಾಡಿಕೊಳ್ಳಿ. ಇಂಗ್ಲಿಷಿನಲ್ಲಿ ನಿಮ್ಮ ಊರಿನ ಅಧಿಕೃತ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ಹಳೆಯ ಫೋಲ್ಡರುಗಳಲ್ಲಿ ಒಂದು, ಹೊಸದರಲ್ಲಿ ಇನ್ನೊಂದು ಇದ್ದರೆ ಹುಡುಕಿದಾಗ ಅರ್ಧ ಸಿಗುತ್ತವೆ, ಅರ್ಧ ಸಿಗುವುದಿಲ್ಲ. ಜಿಲ್ಲೆಯ ಹೆಸರನ್ನಂತೂ ಬರೆಯಲೇಬೇಡಿ. ನಾನು ‘ರಾಯಚೂರು ಜಿಲ್ಲೆ’ ಎಂದು ಬರೆದಿಟ್ಟ ಊರೆಲ್ಲ 1997ರಲ್ಲಿ ಕೊಪ್ಪಳಕ್ಕೆ ಬಂದವು, ನಿಮ್ಮ ಹೊಸಪೇಟೆ 2021ರಲ್ಲಿ ವಿಜಯನಗರಕ್ಕೆ ಹೋಯಿತು. ಊರು ಇದ್ದಲ್ಲೇ ಇರುತ್ತದೆ.

ಗಂಗಾವತಿ_ಸೋನಾ

ಚಿಕ್ಕ ಮಾತು, ಆದರೆ ಬೇಸಿಗೆಗೆ ಮುಂಚೆ ಓದಿಕೊಳ್ಳಿ. ಲ್ಯಾಪ್‌ಟಾಪನ್ನು ಟಿವಿಯ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ಇಟ್ಟಿದ್ದರೆ ಈಗಲೇ ಹೊರಗೆ ತೆಗೆಯಿರಿ. ಸಾಮಾನ್ಯ ಹಾರ್ಡ್ ಡಿಸ್ಕಿಗೆ ತಯಾರಕರು ಹೇಳುವ ಮೇಲಿನ ಮಿತಿ 60 ಡಿಗ್ರಿ ಸೆಲ್ಸಿಯಸ್. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೇ 42 ಇರುವಾಗ, ಮುಚ್ಚಿದ ಕಪಾಟಿನೊಳಗೆ ಆ ಮಿತಿ ದೂರವೇನಲ್ಲ. ಬಳ್ಳಾರಿಯ ಕೆಂಪು ಧೂಳು ಬೇರೆ ಫ್ಯಾನಿನ ಜಾಲರಿಯನ್ನು ಕಂಬಳಿಯಂತೆ ಮುಚ್ಚುತ್ತದೆ, ಎರಡು ತಿಂಗಳಿಗೊಮ್ಮೆ ಬ್ರಷ್ಷಿನಿಂದ ತೆಗೆಯಬೇಕು.

ಲ್ಯಾಪ್‌ಟಾಪಿನ ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ಚಿಂತೆಯಿಲ್ಲ ಎಂದು ಬಹಳ ಜನ ಹೇಳುತ್ತಾರೆ. ನಾನು ಹಾಗೆ ನಂಬಿಕೊಂಡೇ ಇದ್ದೆ. ವರ್ಷಪೂರ್ತಿ ಚಾರ್ಜಿನಲ್ಲೇ ಇದ್ದ ಬ್ಯಾಟರಿ ಉಬ್ಬಿ, ಕೀಬೋರ್ಡ್ ಹೋಳಿಗೆಯಂತೆ ಮೇಲೆದ್ದಿತು. ಸೆಟ್ಟಿಂಗಿನಲ್ಲಿ ಚಾರ್ಜನ್ನು 60 ಅಥವಾ 80 ಪ್ರತಿಶತಕ್ಕೆ ನಿಲ್ಲಿಸುವ ಅವಕಾಶವಿದ್ದರೆ ನಿಲ್ಲಿಸಿ. ರೂಟರು ಮತ್ತು ಪ್ರತ್ಯೇಕ ವಿದ್ಯುತ್ ಬೇಕಾದ ಡಿಸ್ಕ್ ಇನ್ವರ್ಟರ್ ಮೇಲಿದ್ದರೆ, ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಕಡೆಗೆ ಹಾಕಿ. ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲಿ ಡಿಸ್ಕ್ ಆರಿ ಹತ್ತುತ್ತದೆ.

ಕೌಲ್‌ಬಜಾರ್_ಬಳ್ಳಾರಿ

ಎಲ್ಲರಿಗೂ ಧನ್ಯವಾದಗಳು. ಲ್ಯಾಪ್‌ಟಾಪ್ ಇದ್ದದ್ದು ಮುಚ್ಚಿದ ಕಪಾಟಿನಲ್ಲೇ, ಓದಿದ ತಕ್ಷಣ ತೆಗೆದೆ. ಎರಡನೆಯ ಡಿಸ್ಕ್ ಕೊಂಡು ಪ್ರತಿ ಮಾಡಿದೆ. ಡಿಜಿಕ್ಯಾಮ್ ಹೆಸರಿನಿಂದ ತಾರೀಖು ಓದುವುದನ್ನು ನೋಡಿ ನಿಜಕ್ಕೂ ಆಶ್ಚರ್ಯವಾಯಿತು. ಒಂಬತ್ತು ಸಾವಿರದಲ್ಲಿ ಹೆಚ್ಚಿನವು ಒಂದೇ ಮಧ್ಯಾಹ್ನದಲ್ಲಿ ತಮ್ಮ ತಮ್ಮ ವರ್ಷಕ್ಕೆ ಹೋಗಿ ಕುಳಿತವು.

ಮಾಸ್ತರರೇ, ನಿಮ್ಮ ಅಣೆಕಟ್ಟೆಯ ಫೋಟೋದ ಮಾತು ಓದಿ ನಗು ಬಂತು. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಎಲ್ಲ ಗುಂಪುಗಳಲ್ಲೂ ಹರಿದಾಡಿದ ಒಂದು ಚಿತ್ರದ ನಲವತ್ತೊಂದು ಪ್ರತಿಗಳು ನನ್ನ ಡಿಸ್ಕಿನಲ್ಲಿವೆ. ಇಂಥ ನಕಲುಗಳನ್ನು ತೆಗೆಯುವುದು ಹೇಗೆ? ಮತ್ತು ಮುಖ ನೋಡಿ ಹೆಸರು ಹಿಡಿಯುವ ಸೌಲಭ್ಯ ಜೆಲ್ಲಿಫಿನ್‌ನಲ್ಲಿ ಕಾಣಲಿಲ್ಲ. ತಮ್ಮನ ಪ್ರಶ್ನೆಯೂ ಹಾಗೇ ಉಳಿದಿದೆ.

ದೋಆಬ್_ರಾಯಚೂರು

ನಕಲುಗಳಿಗೆ ಚ್ಕಾವ್ಕಾ ಎಂಬ ಉಚಿತ ತಂತ್ರಾಂಶವಿದೆ. ಪೋಲಿಷ್ ಭಾಷೆಯಲ್ಲಿ ಆ ಪದಕ್ಕೆ ಬಿಕ್ಕಳಿಕೆ ಎಂದರ್ಥ. ಅದು ಫೈಲನ್ನಷ್ಟೇ ಅಲ್ಲ, ಚಿತ್ರವನ್ನೂ ಹೋಲಿಸುತ್ತದೆ, ಆದ್ದರಿಂದ ಫೋನಿನ ಮೂಲ ಫೋಟೋ ಮತ್ತು ಅದರದೇ ವಾಟ್ಸ್ಆ್ಯಪ್ ಪ್ರತಿಯನ್ನು ಜೋಡಿಯಾಗಿ ಎದುರಿಗೆ ಇಡುತ್ತದೆ. ದೊಡ್ಡದನ್ನು ಉಳಿಸಿ, ಚಿಕ್ಕದನ್ನು ತೆಗೆಯಿರಿ. ಹೋಲಿಕೆಯ ಮಟ್ಟವನ್ನು ಸಡಿಲ ಮಾಡಬೇಡಿ. ಸಾಲಾಗಿ ಮೂರು ಸಲ ತೆಗೆದ ಮದುವೆಯ ಗುಂಪು ಚಿತ್ರಗಳನ್ನೂ ಅದು ನಕಲು ಎನ್ನುತ್ತದೆ, ಆದರೆ ಎಲ್ಲರೂ ಕಣ್ಣು ಬಿಟ್ಟಿರುವುದು ಅದರಲ್ಲಿ ಒಂದರಲ್ಲೇ ಇರುತ್ತದೆ. ಇನ್ನು ಮುಂದೆ ಬಂಧುಗಳಿಂದ ಫೋಟೋ ತರಿಸಿಕೊಳ್ಳುವಾಗ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಮೂಲ ಗಾತ್ರವೂ ತಾರೀಖೂ ಹಾಗೆಯೇ ಬರುತ್ತವೆ.

ಮುಖ ಗುರುತಿಸುವುದು ಜೆಲ್ಲಿಫಿನ್ ಕೆಲಸವಲ್ಲ, ಅದು ಮೂಲತಃ ಸಿನಿಮಾ ನೋಡಲು ಮಾಡಿದ್ದು. ಅದಕ್ಕೆ ಇಮಿಚ್ ಬೇಕು. ಎರಡನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಇಡಬಹುದು: ಫೋಟೋಗಳು ಒಂದೇ ಕಡೆ ಇರಲಿ, ಜೆಲ್ಲಿಫಿನ್ ಟಿವಿಗೆ ತೋರಿಸಲಿ, ಇಮಿಚ್ ಅದೇ ಫೋಲ್ಡರನ್ನು ಎಕ್ಸ್‌ಟರ್ನಲ್ ಲೈಬ್ರರಿಯಾಗಿ, ಓದಲು ಮಾತ್ರ ಅನುಮತಿ ಕೊಟ್ಟು ನೋಡಲಿ. ಆಗ ಅದರಿಂದ ಮೂಲಕ್ಕೆ ಅಪಾಯವಿಲ್ಲ. ಮೊದಲ ಸಲ ಮುಖಗಳನ್ನು ಹುಡುಕುವಾಗ ನಿಮ್ಮ ಯಂತ್ರ ಏದುಸಿರು ಬಿಡುತ್ತದೆ, ರಾತ್ರಿ ಹೊತ್ತು ಬಿಡಿ. ನನಗೆ ಮೂರು ರಾತ್ರಿ ಹಿಡಿಯಿತು. ಮಕ್ಕಳು ಬೆಳೆದಂತೆ ಒಬ್ಬನೇ ಹುಡುಗ ಮೂರು ಜನರಾಗಿ ಕಾಣುತ್ತಾನೆ, ಸೆರಗು ಹೊದ್ದ ಅಜ್ಜಿಯರೆಲ್ಲ ಒಬ್ಬರೇ ಆಗುತ್ತಾರೆ. ಇದನ್ನು ಕೂಡಿಸುವುದು ಬಿಡಿಸುವುದು ನಿಮ್ಮ ಕೈಯಲ್ಲೇ ಆಗಬೇಕು. ಇನ್ನೊಂದು ಎಚ್ಚರ: ಹೀಗೆ ಕೊಟ್ಟ ಹೆಸರುಗಳು ಇಮಿಚ್‌ನ ಡೇಟಾಬೇಸಿನಲ್ಲಿ ಉಳಿಯುತ್ತವೆ, ಫೋಟೋದೊಳಗೆ ಹೋಗುವುದಿಲ್ಲ. ಹತ್ತು ವರ್ಷದ ನಂತರವೂ ಬೇಕೆನಿಸುವ ಹೆಸರುಗಳನ್ನು ಡಿಜಿಕ್ಯಾಮ್‌ನಲ್ಲಿ ವಿವರಣೆಯಾಗಿ ಫೈಲಿನೊಳಗೇ ಬರೆಯಿರಿ.

ತಮ್ಮನಿಗೆ ಟೇಲ್‌ಸ್ಕೇಲ್ ಹಾಕಿಕೊಡಿ. ನಮ್ಮಲ್ಲಿ ಬಹಳ ಇಂಟರ್‌ನೆಟ್ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಸೇರಿ ಒಂದೇ ಹೊರವಿಳಾಸ ಇರುವುದರಿಂದ ರೂಟರಿನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆದರೂ ಪ್ರಯೋಜನವಾಗುವುದಿಲ್ಲ, ಮೇಲಾಗಿ ಅದು ಅಪಾಯವೂ ಹೌದು. ಟೇಲ್‌ಸ್ಕೇಲ್ ನಿಮ್ಮ ಲ್ಯಾಪ್‌ಟಾಪಿಗೂ ಅವರ ಫೋನಿಗೂ ನಡುವೆ ಗೂಢಲಿಪಿಯ ಖಾಸಗಿ ದಾರಿ ಹಾಕುತ್ತದೆ.

ಪ್ರತಿಗಳ ಬಗ್ಗೆ ನನ್ನದೇ ಪೆಟ್ಟು ಹೇಳುತ್ತೇನೆ. ಎರಡನೆಯ ಡಿಸ್ಕನ್ನು ದಿನಾ ರಾತ್ರಿ ಮೊದಲಿನದರ ಪಡಿಯಚ್ಚು ಮಾಡುವಂತೆ ಇಟ್ಟಿದ್ದೆ. ಒಂದು ದಿನ ಕೈತಪ್ಪಿ ಮಗಳ ತೊಟ್ಟಿಲು ಕಾರ್ಯಕ್ರಮದ ಫೋಲ್ಡರನ್ನೇ ಅಳಿಸಿದೆ, ಗಮನಿಸಲಿಲ್ಲ. ಆ ರಾತ್ರಿ ಎರಡನೆಯ ಡಿಸ್ಕ್ ತನ್ನ ಕರ್ತವ್ಯವನ್ನು ನಿಷ್ಠೆಯಿಂದ ಮಾಡಿ ಅಲ್ಲಿಯೂ ಅಳಿಸಿತು. ಸಿಂಧನೂರಿನ ಅಕ್ಕನ ಮನೆಯಲ್ಲಿ ಆರು ತಿಂಗಳ ಹಿಂದಿನ ಮೂರನೆಯ ಡಿಸ್ಕ್ ಇದ್ದದ್ದರಿಂದ ಬದುಕಿದೆ. ಈಗ ಪ್ರತಿ ಇಡಲು ರೆಸ್ಟಿಕ್ ಎಂಬ ತಂತ್ರಾಂಶ ಬಳಸುತ್ತೇನೆ. ಅದು ಹಿಂದಿನ ದಿನಗಳ ಸ್ಥಿತಿಯನ್ನೂ ಉಳಿಸಿಕೊಳ್ಳುತ್ತದೆ. ಮೂರನೆಯ ಡಿಸ್ಕ್ ಮಾತ್ರ ಈಗಲೂ ಸಿಂಧನೂರಿನಲ್ಲೇ, ಅಕ್ಕನ ಸೀರೆಗಳ ನಡುವೆ ಇದೆ.

ಕೌಲ್‌ಬಜಾರ್_ಬಳ್ಳಾರಿ

ಐದು ವಾರದ ನಂತರ ಬರೆಯುತ್ತಿದ್ದೇನೆ. ವರ್ಷವಾರು ಫೋಲ್ಡರುಗಳು ಮುಗಿದಿವೆ, ಮುಖಚಿತ್ರಗಳನ್ನೂ ಇಟ್ಟಿದ್ದೇನೆ. ತಮ್ಮ ಮಸ್ಕತ್‌ನಿಂದ ನೋಡುತ್ತಿದ್ದಾನೆ. ಅವ್ವ ಬಾಣದ ಗುಂಡಿಯಲ್ಲಿ 1974ಕ್ಕೆ ತಾನೇ ಹೋದಳು.

ಮದುವೆಯ ಗುಂಪು ಚಿತ್ರವನ್ನು ಈ ಸಲ 600ರಲ್ಲಿ ಸ್ಕ್ಯಾನ್ ಮಾಡಿದ್ದೆ. ಅವ್ವ ಎದ್ದು ಟಿವಿಯ ಹತ್ತಿರ ಹೋಗಿ, ಹಿಂದಿನ ಸಾಲಿನ ಒಬ್ಬೊಬ್ಬರ ಮೇಲೂ ಬೆರಳಿಟ್ಟು ಹೆಸರು ಹೇಳತೊಡಗಿದಳು. ನಾನು ಲ್ಯಾಪ್‌ಟಾಪಿನಲ್ಲಿ ಬರೆಯುತ್ತಾ ಹೋದೆ. ಹದಿನೇಳು ಜನರಲ್ಲಿ ಹದಿನಾರು ಹೆಸರು ಸಿಕ್ಕವು. ಹದಿನೇಳನೆಯವರು ಎಡತುದಿಯಲ್ಲಿ ಛತ್ರಿ ಹಿಡಿದು ನಿಂತಿದ್ದಾರೆ. ಅಪ್ಪನ ಕಡೆಯವರಿರಬೇಕು ಎಂದಳು ಅವ್ವ. ಕುರುಗೋಡಿನ ಅತ್ತೆಗೆ ಆ ಚಿತ್ರವನ್ನು ಡಾಕ್ಯುಮೆಂಟ್ ಆಗಿಯೇ ಕಳಿಸಿದ್ದೇನೆ, ಅವರ ಉತ್ತರ ಇನ್ನೂ ಬಂದಿಲ್ಲ.